ಹಸರು ನೂಲಿನ ಕುಚ್ಚು

ನಮ್ಮ ಓಣ್ಯಾಗ ನಳಾ ಬರೂದು ಐದು ದಿನಕ್ಕೊಮ್ಮೆ,
ಅದೂ ನಸಿಕಿನ್ಯಾಗ, ಮೂರಕ್ಕ.
ಹದಿನೆಂಟು ಕೊಡ, ಎರಡು ಡ್ರಮ್ಮು, ಒಂದು ತಾಮ್ರದ ಹಂಡೆ,
ಕಡೀಗೆ ಉಳದ ನೀರು ಮೀನಿಗೆ.
ಇದು ಚಂದ್ರಭಾಗಾ ಹಾಕಿದ ಕಾಯ್ದೆ.
ಹೆಸರು ಹೊಳೀದು, ಕೈ ಬಿಗಿ.

ಮಗ್ಗದ ಮುಂದ ಇಪ್ಪತ್ತೊಂಬತ್ತು ವರ್ಷ ನಿಂತಾಂವ ನಾನು.
ಟಾವೆಲ್ಲು, ಚಾದರ, ಮತ್ತ ಟಾವೆಲ್ಲು.
ಎಡಗಿವಿ ಪೂರಾ ಹೋತು,
ಬಲಗಿವಿ ಹಬ್ಬಕ್ಕೊಮ್ಮೆ ಬರೋ ಬೀಗನ್ಹಂಗ.
ಕನ್ನಡ, ಮರಾಠಿ, ತೆಲುಗು ಮೂರೂ
ಈಗ ತುಟಿ ಮ್ಯಾಲ ಓದ್ತೀನಿ.
ಮೀನೂ ತುಟಿ ಆಡಸ್ತಾವ;
ಅವಕ್ಕ ಉತ್ತರ ಕೊಡೂ ಜರೂರ ಇಲ್ಲ.

ಎರಡು ಗಂಡು, ಒಂದು ಹೆಣ್ಣು
ಅಂತ ಹೇಳಿದಾಂವ ಕನ್ನಾ ಚೌಕದ ಮೈನೋದ್ದೀನ,
ಬಿಲ್ಲಿನ ಹಿಂದ ಮರಾಠಿಯೊಳಗ ಬರದು:
ಗಂಡಿನ ಕಿವಿರಿನ ಮ್ಯಾಲ ರವಾದಂಥ ಬಿಳೀ ಕಾಳು ಏಳ್ತಾವ,
ರೋಗ ಅಂತ ಔಷಧ ಸುರಿಬ್ಯಾಡ ಮಾಮಾ, ಅದು ಮದಿವಿ ಅರಿಷಿಣ.
ಎರೆಹುಳ ಹೆಚ್ಚಿ ಹಾಕು, ಅರದ ಬಟಾಣಿ ಹಾಕು,
ಹೆಣ್ಣನ್ನ ಎಂಟು ದಿನ ಬ್ಯಾರೆ ಇಡು.
ಆಮ್ಯಾಲ ಹೊಸಾ ತಂಪು ನೀರು, ಅರ್ಧ ಪೆಟ್ಟಿಗಿ.
ಮಳಿ ಬಂತು ಅಂತ ಅವು ತಿಳಕೋಬೇಕು.

ಸೊಲ್ಲಾಪುರದಾಗ, ಮಾರ್ಚದಾಗ, ಮಳಿ!
ಮೀನಿಗೆ ಇಷ್ಟು ಸುಳ್ಳು ಹೇಳಲಿಕ್ಕ ಐದು ಕೊಡ ಬೇಕು.
ನೀರಿನ ಔಷಧ ವಾಸನಿ ಹೋಗಲಿ ಅಂತ
ಒಂದು ದಿನ ಬಾಯಿ ತಗದು ಬ್ಯಾರೆ ಇಡಬೇಕು.
ಚಂದ್ರಭಾಗಾ ನನ್ನ ಮಾರಿ ನೋಡಿದಳು, ಕೊಡ ಎಣಿಸಿದಳು,
ಆ ಕಡೆ ತಿರಗಿ ಏನೋ ಅಂದಳು.
ಕೇಳದ್ದು ಛಲೋನ ಆತು.

ತತ್ತಿ ಅಂಟಲಿಕ್ಕ ಗಿಡ ಬೇಕು, ಇಲ್ಲಾ ನೂಲಿನ ಕುಚ್ಚು.
ನೂಲು! ಅದನ್ನ ನಂಗ ಹೇಳ್ತಿ ಏನಪಾ?
ಕಾರಖಾನ್ಯಾಗ ಉಳದ ಹಸರು ಎಳಿ ತಂದು,
ಬಣ್ಣ ಬಿಡಬಾರದಂತ ಮೂರು ಸಲ ಕುದಿಸಿ,
ಗೇಣುದ್ದ ಕತ್ತರಿಸಿ, ನಡುವ ಗಂಟು ಹಾಕಿ,
ಬಾಟಲಿ ಬುಚ್ಚಿಗೆ ಕಟ್ಟಿ ತೇಲಿಬಿಟ್ಟೆ.
ಇಷ್ಟು ವರ್ಷದಾಗ ನಾ ನೇಯದ ಬಿಟ್ಟ ನೂಲು ಅದೊಂದ.

ಮೊದಲನೇ ನಳಾ. ಏನೂ ಆಗಲಿಲ್ಲ.
ಎರಡನೇ ನಳಾ.
ಹೆಣ್ಣಿನ ಹೊಟ್ಟಿ ಒಂದು ಮಗ್ಗಲಕ್ಕ ಉಬ್ಬಿತ್ತು,
ಗಂಡುಗೋಳು ಮೂಲ್ಯಾಗ ನಿಂತು
ಯೂನಿಯನ್ ಮೀಟಿಂಗ್ ಮಾಡ್ತಿದ್ವು.
ಬಾಜೂ ಮನಿ ಯಲ್ಲುಬಾಯಿ ಬಂದು ನೋಡಿ ತೆಲುಗಿನ್ಯಾಗ ನಕ್ಕಳು.

ಮೂರನೇ ನಳಾ ಬಂದ ಎರಡನೇ ದಿನ, ಇನ್ನೂ ಬೆಳಕಿಲ್ಲ,
ಚಂದ್ರಭಾಗಾ ನನ್ನ ಭುಜಾ ಅಲುಗಿಸಿದಳು.
ಕೈತುಂಬ ಹಿಟ್ಟು.
ತನ್ನ ಕಿವಿ ತೋರಿಸಿದಳು, ಪೆಟ್ಟಿಗಿ ತೋರಿಸಿದಳು:
ಸಪ್ಪಳ ಆಗಲಿಕ್ಕತ್ತದ.

ಎರಡೂ ಗಂಡು ಹೆಣ್ಣಿನ ಹಿಂದ
ಲಾಳಿಯಂಗ ಈ ಕಡೆ, ಆ ಕಡೆ,
ಮೂತಿಲೆ ಹೊಟ್ಟಿ ತಿವಿದು ತಿವಿದು ಕುಚ್ಚಿನೊಳಗ ದೂಡಿ,
ನೀರು ಸಿಡದು ಗ್ವಾಡಿ ತುಂಬ.
ನಂಗೇನೂ ಕೇಳಸಲಿಲ್ಲ. ಗಾಜಿಗೆ ಕೈ ಹಚ್ಚಿದೆ.
ಅಂಗೈಯೊಳಗ ಬಂತು,
ಮಗ್ಗ ಚಾಲೂ ಇದ್ದಾಗ
ನೆಲದಿಂದ ಅಂಗಾಲಿಗೆ ಬರ್ತಿತ್ತಲ್ಲ, ಹಾಂಗ.

ಬಿಸಲು ಬರೂದ್ರಾಗ ಹಸರು ಎಳಿ ತುಂಬ ತತ್ತಿ,
ಸಾಬುದಾಣಿ ಪುಡಿ ಚೆಲ್ಲಿದಂಗ.
ಒಂಬತ್ತಕ್ಕ ಮೂರೂ ಕೂಡಿ
ತಮ್ಮದನ್ನ ತಾವ ತಿನ್ನಲಿಕ್ಕ ಸುರು ಮಾಡಿದ್ವು.
ಕುಚ್ಚು ಎತ್ತಿ ಬ್ಯಾರೆ ನೀರಿಗೆ ಹಾಕಬೇಕು.
ಬ್ಯಾರೆ ನೀರು ಎಲ್ಲಿ ಅದ?
ನಳಾ ಇನ್ನ ಮೂರು ದಿನ.

ಆಕಿ ಹಂಡೆ ಎತ್ತಲಿಕ್ಕ ಹ್ವಾದಳು.
ತಾಮ್ರ ಬ್ಯಾಡ, ಸಾಯ್ತಾವ ಅಂದೆ.
ಒಂದು ಗಳಿಗಿ ನಿಂತಳು.
ನಾದಿದ ಹಿಟ್ಟು ತಾಟಿಗೆ ತಗದು, ಪರಾತ ತೊಳದು,
ಕುಡಿಯೂ ಕೊಡ ಬಗ್ಗಿಸಿದಳು.
ಆವತ್ತು ಸಂಜಿ ಮಟ ನಾವಿಬ್ಬರೂ
ಯಲ್ಲುಬಾಯಿ ಮನ್ಯಾಗ ನೀರು ಕುಡದ್ವಿ.

ನಾಕನೇ ದಿನಕ್ಕ ಬಿಳೀ ಬೂಸು ಹಿಡದದ್ದ ಭಾಳ.
ಉಳದವು ಪರಾತದ ಅಂಚಿಗೆ ಅಂಟಿಕೊಂಡ,
ಎರಡು ಕಣ್ಣಿದ್ದ ಎಳಿ.
ನಾ ಎಣಿಸಿದರ ಮೂವತ್ತಾರು.
ಆಕಿ ಎಣಿಸಿದರ ನಲವತ್ತೊಂದು.
ಆಕೀದ ಖರೆ ಇರಬೇಕು.

ನಳಾ ಬಂತು. ಮೂರಕ್ಕಲ್ಲ, ಮೂರೂವರಿಗೆ.
ಮೊದಲನೇ ಕೊಡ ತುಂಬಿ
ಮೂಲ್ಯಾಗ ಇಟ್ಟು
ಬಾಯಿ ಮುಚ್ಚದ ಬಿಟ್ಟಳು.