ನೂರು ರೂಪಾಯಿಯ ಗೆರೆ

ಪಣಂಬೂರಿನ ಮರಳಲ್ಲಿ
ಲಾಟರಿಗೆ ಮಾತ್ರ ಗೊತ್ತಿರುವ ಒಂದು ಗೆರೆ ಉಂಟು.
ಚುರುಮುರಿ ಗಾಡಿಯಿಂದ ಹೊರಟು
ತಲೆ ಮುರಿದ ಗಾಳಿಮರದ ತನಕ: ನೂರು ರೂಪಾಯಿ.
ಅಲ್ಲಿ ತಿರುಗಬೇಕು.
ಹನ್ನೊಂದು ವರ್ಷದಿಂದ ಅಲ್ಲೇ ತಿರುಗಿದೆ.

ಲಾಟರಿ ಅಂದರೆ ಕುದುರೆ.
ಹೊಡೆಯದೇ ಹೋದ ಲಾಟರಿ ಎಂದು
ಇದಿನಬ್ಬನ ಹೆಂಡತಿ ಜೈನಾಬಿ ಇಟ್ಟ ಹೆಸರು.
ಬೂದಿ ಬಣ್ಣ, ಹೊಟ್ಟೆ ಸ್ವಲ್ಪ ಜಾಸ್ತಿ,
ಪಕ್ಕೆಯ ಎರಡೂ ಕಡೆ ಕೂದಲು ಸವೆದ ಅಂಗೈಯಗಲದ ಜಾಗ.
ಎಷ್ಟು ಮಕ್ಕಳು, ಎಷ್ಟು ಹೊಸ ಮದುಮಕ್ಕಳು
ಚಪ್ಪಲಿ ಕಾಲಲ್ಲಿ ಒದ್ದು ಒದ್ದು
ಫೋಟೋ ತೆಗೆಸಿಕೊಂಡು ಇಳಿದರೋ
ಲೆಕ್ಕ ಇಟ್ಟವರಿಲ್ಲ.
ಹಗ್ಗ ಹಿಡಿದವನು ನಡೆದರೆ ಅದು ನಡೆಯಿತು,
ನಿಂತರೆ ನಿಂತಿತು. ಬೆನ್ನ ಮೇಲಿನವರ ಕಾಲು
ಅದಕ್ಕೆ ನೊಣಕ್ಕಿಂತ ಕಡೆ.
ನೊಣಕ್ಕಾದರೆ ಚರ್ಮ ನಡುಗಿಸುತ್ತದೆ.

ಇದಿನಬ್ಬನ ಸೊಂಟ ಮುರಿದ ಮೇಲೆ
ಬೆಳಿಗ್ಗೆ ಜನ ಬರುವ ಮೊದಲು
ಇದನ್ನು ಒಂದಷ್ಟು ಓಡಿಸುವ ಕೆಲಸ ನನಗೆ ಬಂತು.
ನಾನು ಹಳೆ ಕಂಡಕ್ಟರ್,
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್, ಇಪ್ಪತ್ತಾರು ವರ್ಷ
ಫುಟ್‌ಬೋರ್ಡಿನ ಮೇಲೆ ನಿಂತವನು.
ಕೂತು ಹೋಗುವ ವಾಹನ ಇದೇ ಮೊದಲು.

ಒದ್ದೆ. ಹೋಗಲಿಲ್ಲ.
ಇನ್ನೊಮ್ಮೆ ಒದ್ದೆ. ಎರಡು ಹೆಜ್ಜೆ, ಭಿಕ್ಷೆ ಹಾಕಿದ ಹಾಗೆ.
ಹೆಜ್ಜೆಗೊಂದರಂತೆ ಒದೆಯುತ್ತ ಗಾಳಿಮರ ಮುಟ್ಟುವಾಗ
ಬೆವರಿದ್ದು ನಾನು. ಲಾಟರಿ
ಬಂದರಿನ ಕರೆ ಬಾರದೆ ಹೊರಗೆ ನಿಂತ ಹಡಗುಗಳನ್ನು
ನೋಡುತ್ತಿತ್ತು.

ಮೀನಿನ ಕ್ರೇಟು ಕವುಚಿ ಕೂತಿದ್ದ ಇದಿನಬ್ಬ ಕೂಗಿದ:
"ಎಂತ ಮಾರಾಯ, ಅದು ಕುದುರೆಯಾ ಚೆಂಡೆಯಾ?
ಎಡೆಬಿಡದೆ ಬಡಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು
ಯಾವುದು ಮಾತು, ಯಾವುದು ಗಲಾಟೆ?
ಕಾಲು ಬಿಡು. ಒದ್ದೆ ಲುಂಗಿ ಒಣಹಾಕಿದ ಹಾಗೆ ಬಿಡು.
ಮತ್ತೆ ಒಮ್ಮೆ ಕೇಳು. ಮೆಲ್ಲ.
ಹಿಮ್ಮಡಿಯಲ್ಲಿ ಅಲ್ಲ, ಮೀನಖಂಡದಲ್ಲಿ.
ಕೇಳದಿದ್ದರೆ ಒಂದೇ ಒಂದು, ಗಟ್ಟಿ, ಸಿಟ್ಟಿಲ್ಲದೆ.
ಹೊರಟಿತಾ? ಮುಗಿಯಿತು. ಬಾಯಿ ಮುಚ್ಚು.
ಕಾಲಿನ ಬಾಯಿ."

ಮೀನಖಂಡ.
ಹುಟ್ಟಿದಂದಿನಿಂದ ಮೀನು ತಿಂದವನಿಗೆ
ಕಾಲಲ್ಲೇ ಒಂದು ಮೀನು ಉಂಟೆಂದು ಹೊಳೆದಿರಲಿಲ್ಲ.
ಅದನ್ನು ಲಾಟರಿಯ ಬಿಸಿ ಪಕ್ಕೆಗೆ ತಾಗಿಸಿ ಹಿಡಿದೆ.
ಅದು ಉಸಿರೆಳೆದಾಗ ನನ್ನ ಮೀನು ಹೊರಕ್ಕೆ,
ಬಿಟ್ಟಾಗ ಒಳಕ್ಕೆ.

ಆಗ ನೆನಪಾದದ್ದು ಡ್ರೈವರ್ ಬಾಜಿಲ್ ಕ್ರಾಸ್ತಾ.
ಹೊಸತರಲ್ಲಿ ನಾನು ಬಸ್ಸಿನ ತಗಡು ಬಡಿಯುತ್ತಲೇ ಇರುತ್ತಿದ್ದೆ,
ಬಡಿದಷ್ಟೂ ಬೇಗ ಹೋಗುತ್ತದೆಂದು.
ಕೂಳೂರು ಸೇತುವೆಯ ನಟ್ಟನಡುವೆ ಬಸ್ಸು ನಿಲ್ಲಿಸಿ
ಆತ ಹಿಂದೆ ತಿರುಗಿ ಹೇಳಿದ್ದ:
"ಎರಡು ತಟ್ಟಿದರೆ ಹೋಗುತ್ತೇನೆ. ಒಂದು ತಟ್ಟಿದರೆ ನಿಲ್ಲುತ್ತೇನೆ.
ಮೂರನೆಯದರ ಅರ್ಥ ನನಗೆ ಗೊತ್ತಿಲ್ಲ."
ಹಿಂದೆ ಲಾರಿಗಳು ಹಾರ್ನ್ ಹೊಡೆದು ಸಾಯುತ್ತಿದ್ದವು.
ಆತ ನನ್ನನ್ನೇ ನೋಡುತ್ತಿದ್ದ.

ಕೇಳಿದೆ. ಇಲ್ಲ.
ಒಂದೇ ಒಂದು ಕೊಟ್ಟೆ. ಕಿವಿ ಎರಡೂ
ನನ್ನ ಕಡೆ ತಿರುಗಿದವು, ಹೆಸರು ಹಿಡಿದು ಕರೆದ ಹಾಗೆ,
ಹೊರಟಿತು. ಸುಮ್ಮನಾದೆ.
ಸುಮ್ಮನಿರುವುದು ಒದೆಯುವುದಕ್ಕಿಂತ ಕಷ್ಟ.
ಎಷ್ಟೋ ಸಲ ಕಾಲು ತಾನೇ ಬಾಯಿ ತೆರೆಯಿತು,
ಲಾಟರಿ ಮತ್ತೆ ಕಿವುಡಾಯಿತು.

ಹೀಗೆ ನಾಲ್ಕು ವಾರ.
ಇವತ್ತು ಗಾಳಿಮರದ ಹತ್ತಿರ ಅದರ ಭುಜ ವಾಲಿತು,
ತಿರುಗಲು. ನಾನು ಮೀನಖಂಡ ಮುಟ್ಟಿಸಿದೆನೋ
ಮುಟ್ಟಿಸಬೇಕು ಅಂದುಕೊಂಡೆನೋ,
ದಾಟಿತು.

ಆಚೆ ಗೊರಸಿನ ಗುರುತೇ ಇಲ್ಲದ ಮರಳು.
ನಾಲ್ಕು ಹೆಜ್ಜೆ, ಐದು, ಆಮೇಲೆ
ಹಳೆ ಬಸ್ಸು ಎರಡನೇ ಗೇರಿಗೆ ಬಿದ್ದ ಹಾಗೆ ಒಂದು ಜರ್ಕು,
ಕುಕ್ಕುಲೋಟ.
ಹಿಂದಿನಿಂದ ಕೇಳಿತು
ಇದಿನಬ್ಬ ಊರುಗೋಲಲ್ಲಿ ಕ್ರೇಟು ತಟ್ಟಿದ್ದು:
ಎರಡು.

ಸ್ವಲ್ಪ ದೂರ ಹೋಗಿ ಲಾಟರಿ ತಾನೇ ನಿಂತಿತು,
ಕಾಲು ಅಗಲಿಸಿ, ಯಾವ ಗಡಿಬಿಡಿಯೂ ಇಲ್ಲದೆ
ಬಹಳ ಹೊತ್ತು ಉಚ್ಚೆ ಹೊಯ್ಯಿತು.
ನಾನು ಏನೂ ಕೇಳಲಿಲ್ಲ.