ಸೂಜಿಗೊಂದು ಪೆಟ್ಟಿಗೆ

ಕರಿಮೆಣಸು ತೂಗುವ ತಕ್ಕಡಿಯಲ್ಲಿ ಕೂರಿಸಿದೆವು.
ಕಿಲೋಗೆ ಐವತ್ತು ಗ್ರಾಂ ಕಮ್ಮಿ.
ಬಾಲ ಅಲ್ಲಾಡಿದರೆ ಮುಳ್ಳೂ ಅಲ್ಲಾಡುತ್ತದೆ,
ತೂಕದ ಮಾತನ್ನು ಅಷ್ಟಕ್ಕೇ ಬಿಟ್ಟೆವು.
ಹಲ್ಲು ಮಾತ್ರ ಸೂಜಿಮೆಣಸು.
ಹಾಗಾಗಿ ಹೆಸರು ಸೂಜಿ.

ಚೆಂಗಪ್ಪನ ಅಪ್ಪ ಸಾಕಿದ್ದು
ಹಂದಿಬೇಟೆಯ ನಾಯಿಗಳನ್ನು, ಒಂದೊಂದೂ ಕರುವಿನೆತ್ತರ.
ಪಕ್ಕದ ದೇಚವ್ವ ಬೇಲಿಯಿಂದಲೇ ಇಣುಕಿ
"ಇದೇನು, ಅಳಿಲಿಗೆ ಬೊಗಳೋದು ಕಲಿಸಿದ್ದೀರಾ?"
ಎಂದಾಗ ಇವನು ವಾಚು ನೋಡಿಕೊಂಡ.

ಒಂದು ವಾರಕ್ಕೆ ಚಾಪೆ ಎರಡು,
ಇವನ ಹಾಕಿ ಪ್ಯಾಡು ಒಂದು,
ಮೊನ್ನೆ ತಾನೇ ಬಂದ ಕರೆಂಟು ಬಿಲ್ಲು.
ಒಂದು ಚಮಚವೂ ಹಿಡಿಯದ ಚೀಲ ಅದರದ್ದು,
ಒಂದಕ್ಕೆ ಹೊರಗೆ ಹೋಗಬೇಕೆಂದು
ಯಾವ ಭಾಷೆಯಲ್ಲಿ ಹೇಳುವುದು?
"ಪೆಟ್ಟಿಗೆ ತನ್ನಿ," ಎಂದರು ಡಾಕ್ಟರು,
"ಮಲಗುವ ಜಾಗವನ್ನು ನಾಯಿ ಕೆಡಿಸೋದಿಲ್ಲ."

ಸಿದ್ದಾಪುರದಲ್ಲಿ ಮೊಯ್ದುವಿನ ಅಂಗಡಿ. ಮೂರೇ ಇದ್ದವು.
ಗುಲಾಬಿ ಪ್ಲಾಸ್ಟಿಕ್ಕಿನದು, ಮೇಲೆ ಹಿಡಿಕೆ,
ಟಿಫಿನ್ ಬಾಕ್ಸಿನ ದೊಡ್ಡಕ್ಕನ ಹಾಗೆ; ಒಳಗೆ ಕತ್ತಲೆ.
ಇನ್ನೊಂದರ ಸರಳಿನ ಸಂದಿಯಲ್ಲಿ ಸೂಜಿಯ ತಲೆ ತೂರಿತು,
ಹಿಂದೆಯೇ ಸೂಜಿಯೂ ತೂರಿತು,
ಆಚೆ ಕಡೆ ಹೊರಬಂದು ಮೊಯ್ದುವಿನ ಚಪ್ಪಲಿ ನೆಕ್ಕಿತು.
ಮೂರನೆಯದು ಯಾರದೋ ಲ್ಯಾಬ್ರಡಾರಿಗೆಂದು ತರಿಸಿದ್ದು.
"ಇರಲಿ, ಬೆಳೆಯುತ್ತೆ," ಎಂದ ಚೆಂಗಪ್ಪ.
ಬೆಳೆಯುತ್ತಾನೆಂದು ಹೊಲಿಸಿದ ಪ್ಯಾಂಟನ್ನು
ಮಡಚಿಕೊಂಡೇ ಹೈಸ್ಕೂಲು ಮುಗಿಸಿದವನು ಇವನು.
ನಾನು ಬಾಯಿ ಬಿಡಲಿಲ್ಲ.

ಸೂಜಿ ಅದನ್ನು ಹೋಂಸ್ಟೇ ಅಂದುಕೊಂಡಿತು.
ಈ ಮೂಲೆಯಲ್ಲಿ ಹಾಸಿಗೆ,
ಆ ಮೂಲೆಯಲ್ಲಿ ಅಟ್ಯಾಚ್ಡ್ ಬಾತ್‌ರೂಮು.
ನಡುವೆ ಒಂದು ಸಣ್ಣ ವಾಕಿಂಗು.

ದಾಮು ಆಚಾರಿ ಜೇನುಪೆಟ್ಟಿಗೆ ಮಾಡುವವನು.
ಬೀಡಿ ಆರಿಸಿ ಕಿವಿ ಮೇಲಿಟ್ಟುಕೊಂಡು ಹೇಳಿದ:
"ಸಣ್ಣ ಕುಟುಂಬಾನ ದೊಡ್ಡ ಪೆಟ್ಟಿಗೆಗೆ ಬಿಟ್ಟರೆ
ಜೇನೂ ನಿಲ್ಲಲ್ಲಮ್ಮ. ಕಾವು ಸಾಲಲ್ಲ ಅದಕ್ಕೆ.
ಒಳಗೊಂದು ಡಮ್ಮಿ ಹಲಗೆ ಇಡ್ತೀವಿ,
ಎರಿ ಬೆಳೆದ ಹಾಗೆ ಹಲಗೆ ಸರಿಸೋದು."

ನಿಂತರೆ ಕಿವಿ ತಾಗಬಾರದು.
ತಿರುಗಿದರೆ ಬಾಲ ಮಡಚಬಾರದು.
ಮಲಗಿದರೆ ಕಾಲು ಚಾಚಬೇಕು,
ಒಂದಕ್ಕೆ ಮಾತ್ರ ಜಾಗ ಉಳಿಯಬಾರದು.
"ಎರಡು ಗೇಣು ಉದ್ದ, ಒಂದೂವರೆ ಎತ್ತರ."
"ಯಾರ ಗೇಣು?"
ಚೆಂಗಪ್ಪ ಒಂದು ಗಳಿಗೆ ಸುಮ್ಮನಿದ್ದು
ತನ್ನ ಸಣ್ಣ ಅಂಗೈಯನ್ನು
ಮರದ ಪುಡಿಯ ಮೇಲೆ ಪೂರ್ತಿ ಬಿಚ್ಚಿಟ್ಟ.
"ನಂದು."

ಸಿಲ್ವರ್ ಓಕಿನ ಪೆಟ್ಟಿಗೆ, ಮುಂದೆ ಜಾಲರಿ,
ಹಲಗೆ ಸರಿಸಲು ಒಳಗೆ ಐದು ಕಚ್ಚು.
ಹಾಸಲು ನನ್ನ ಹಳೆಯ ಸ್ವೆಟರಿನ ತೋಳು.

ಮೊದಲ ರಾತ್ರಿ ಅತ್ತಿತು. ಎರಡನೆಯ ರಾತ್ರಿಯೂ.
ಮೂರನೆಯ ರಾತ್ರಿ ಎರಡು ಗಂಟೆಗೆ
ಜಾಲರಿಯನ್ನು ಒಂದೇ ಸಲ ಕೆರೆದು ಸುಮ್ಮನಾಯಿತು,
ಬಾಗಿಲು ತಟ್ಟಿ ಕಾಯುವ ನೆಂಟರ ಹಾಗೆ.
ಚೆಂಗಪ್ಪ ಕಂಬಳಿ ಹೊದ್ದು ಎತ್ತಿಕೊಂಡು ಹೋದ.
ಟಾರ್ಚನ್ನು ಮೊದಲು ತೋಟದತ್ತ ಬಿಟ್ಟು
ಆನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು,
ಆಮೇಲೆ ಹುಲ್ಲಿನತ್ತ.
ಮಂಜಿನಲ್ಲಿ ದನಿ ಮಾತ್ರ ಕೇಳಿಸುತ್ತಿತ್ತು:
"ಒಂದಕ್ಕೆ, ಸೂಜಿ... ಒಂದಕ್ಕೆ..."
ಮೈದಾನದ ಆಚೆ ತುದಿಗೂ ಕೇಳುವಂತೆ
ಹುಡುಗರನ್ನು ಬೈಯುವ ಕೋಚು ಇವನು.
ಮೂರು ಹನಿ. ಇರಬಹುದು, ನಾಲ್ಕು.
ಗೋಲು ಹೊಡೆದವರಿಗೂ ಇಷ್ಟು ಮೆಲ್ಲಗೆ
ಶಹಬ್ಬಾಸ್ ಅಂದವನಲ್ಲ.

ಈಗ ಆರು ತಿಂಗಳು.
ಬಾಗಿಲು ತೆರೆದೇ ಇರುತ್ತದೆ,
ಕುಕ್ಕರು ಕೂಗಿದರೆ ತಾನೇ ಒಳಗೆ ಓಡುತ್ತದೆ.
ಹಲಗೆ ಎರಡನೆಯ ಕಚ್ಚಿನಲ್ಲೇ ನಿಂತಿದೆ.
"ಇನ್ನು ಬೆಳೆಯೋ ಹಾಗೆ ಕಾಣಲ್ಲ," ಎಂದೆ ಮೊನ್ನೆ.
"ಯಾಕೆ ಬೆಳೀಬೇಕು?" ಎಂದ, ಪೇಪರಿನಿಂದ ತಲೆ ಎತ್ತದೆ.

ಉಳಿದ ಮೂರು ಕಚ್ಚುಗಳ ಧೂಳನ್ನು
ಭಾನುವಾರ ಒರೆಸುತ್ತೇನೆ.
ಲ್ಯಾಬ್ರಡಾರಿನ ಬೋನು ದೇಚವ್ವನ ಮನೆಗೆ ಹೋಯಿತು;
ಹನ್ನೊಂದು ಮೊಟ್ಟೆ ಇಟ್ಟುಕೊಂಡು
ಅವಳ ಕೆಂಪು ಕೋಳಿ ಅದರೊಳಗೆ ಕಾವಿಗೆ ಕೂತಿದೆ,
ಒಂದೇ ಮೂಲೆಯಲ್ಲಿ.