ಮೂರು ಗುಲಗಂಜಿ

ಸಂತೆಪೇಟೆಯ ನನ್ನ ಅಂಗಡಿಗೆ
ವಾರಕ್ಕೊಬ್ಬ ನಿಧಿ ತರುತ್ತಾನೆ, ಬಾಯಲ್ಲಿ.
ಪಾಲಯ್ಯನದು ಏಳು ಕೊಪ್ಪರಿಗೆ,
ಬಾಯಿಗೆ ಅರಗು, ಮೇಲೆ ಹೆಡೆ.
ಅವನ ತಮ್ಮ ಹೇಳಿದರೆ ಒಂಬತ್ತು;
ಹಾವು ಮಾತ್ರ ಅದೇ.
ಕಂಡವರು ಯಾರಪ್ಪ? ಅಜ್ಜನ ಗೆಳೆಯ.
ಈಗೆಲ್ಲಿ? ಕಂಡ ಕೂಡಲೇ ರಕ್ತ ಕಾರಿ ಸತ್ತ.
ಹಾಗಾದರೆ ಅಜ್ಜನಿಗೆ ಹೇಳಿದ್ದು ಯಾವಾಗ?
ಪಾಲಯ್ಯ ಚಹಾ ಊದುತ್ತಾನೆ.

ಸುಳ್ಳೆಂದು ಪೂರಾ ತಳ್ಳಲಾರೆ.
ದಂಡು ಬಂತೆಂದಾಗ ಮೂಗುತಿ ಬಿಚ್ಚಿ
ಒಲೆಗಲ್ಲಿನ ಕೆಳಗೆ ಹೂತವಳು ಒಬ್ಬಳಾದರೂ ಇದ್ದಾಳು,
ತಿರುಗಿ ಬಾರದೆ ಹೋದಾಳು.
ಅಷ್ಟು ನಂಬುತ್ತೇನೆ: ಮೂರು ಗುಲಗಂಜಿ ತೂಕ.
ಅದಕ್ಕೆ ಹಾವು ಬೇಕಿಲ್ಲ.

ಜೋಗಿಮಟ್ಟಿ ದಾರಿಯ ಬಸವಣ್ಣನ ಹೊಟ್ಟೆ ಒಡೆದರಲ್ಲ,
ಎರಡು ಹಾರೆ, ಒಂದು ಕಪ್ಪು ಕೋಳಿ, ಅಮಾವಾಸ್ಯೆ.
ಕಲ್ಲಿನೊಳಗೆ ಕಲ್ಲಿತ್ತು.
‘ಜರುಗಿಬಿಡ್ತು’ ಅನ್ನುತ್ತಾನೆ ಪಾಲಯ್ಯ,
‘ಮಡಿ ಸಾಲಲಿಲ್ಲ.’
ಸಿಗದಿದ್ದುದೂ ಅವನಿಗೆ ಸಾಕ್ಷಿಯೇ.

ಮೊನ್ನೆ ಕುರಿಯ ಬೋರಕ್ಕ ಬಂದಳು.
ಚಂದ್ರವಳ್ಳಿ ಕಡೆ ಮಳೆನೀರು ಕೊರೆದಲ್ಲಿ ಸಿಕ್ಕಿದ್ದೆಂದು
ಸೆರಗಿನ ಗಂಟು ಬಿಚ್ಚಿದಳು.
ಕಪ್ಪಗೆ, ಪೂರ್ತಿ ದುಂಡೂ ಅಲ್ಲ,
ಒಂದು ಮಗ್ಗುಲಲ್ಲಿ ಆನೆಯೋ ಗುಡ್ಡವೋ.
ಒರೆಗೆ ಹಚ್ಚಿದೆ: ಬೂದು ಗೆರೆ. ಸೀಸ.
‘ಏನೂ ಬರಲ್ವ ಆಚಾರ್ರೆ?’
‘ಚಹಾಕ್ಕೂ ಬರಲ್ಲ ತಾಯಿ.’
ಅಜ್ಜನನ್ನು ಕರೆಯಲಿಲ್ಲ ಅವಳು, ಹಾವನ್ನೂ.
‘ನೀವೇ ಇಟ್ಕಳ್ರಿ, ಕುರಿ ಬಿಟ್ಟು ಬಂದೀನಿ.’

ಸುಳ್ಳು ಹೇಳುವವನು ಹೊನ್ನು ಹೇಳುತ್ತಾನೆ,
ಸೀಸ ಯಾಕೆ ಹೇಳಿಯಾನು?
ಎಷ್ಟೋ ಹೊತ್ತು ಅಂಗೈಯಲ್ಲಿಟ್ಟು ಕೂತೆ,
ಯಾರದೋ ಸಂತೆಯ ಚಿಲ್ಲರೆ.

ಹೊಸ್ತಿಲಲ್ಲಿ ಪಾಲಯ್ಯನ ಚಪ್ಪಲಿ ಸದ್ದು.
ಯಾಕೋ ಗಲ್ಲಾಪೆಟ್ಟಿಗೆಯ ತಳಕ್ಕೆ ಸರಿಸಿ
ಮೇಲೆ ರಸೀದಿ ಪುಸ್ತಕ ಮುಚ್ಚಿದೆ.
‘ಏನದು, ಒಳಗಿಟ್ಟಿದ್ದು?’
‘ಏನಿಲ್ಲ’ ಅಂದೆ.
ನಂಬಲಿಲ್ಲ.